ಕಾರಣದ ಕಾಲಂ

ಕ್ಲೇಮು ಫಾರಮ್ಮಿನಲ್ಲಿ ಕಾರಣಕ್ಕೆ ಬಿಟ್ಟ ಜಾಗ
ಒಂದೂವರೆ ಗೆರೆ.
ಹದಿನಾಲ್ಕು ವರ್ಷದಿಂದ ಅದರೊಳಗೇ ತುರುಕುತ್ತಿದ್ದೇನೆ:
ಮಂಜು. ಬ್ರೇಕು. ಎಮ್ಮೆ. ಕಣ್ಣಿಗೆ ಹೊಡೆದ ಲೈಟು.
ಎದುರಿನವರದೇ ತಪ್ಪು
(ಇದು ಎರಡೂ ಕಡೆಯ ಹೇಳಿಕೆ).

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಪೀರ್‌ಸಾಬರ ಶೆಡ್ಡಿನ ಮುಂದೆ ಇವತ್ತು ಎರಡು ಗಾಡಿ,
ಹಾಲಿನ ಹಳದಿ ಟೆಂಪೋ, ಒಂದು ನೀಲಿ ಓಮ್ನಿ.
ಹುಲಿಕಲ್ ಘಾಟಿಯ ತಿರುವು. ಯಾರೂ ಸಾಯಲಿಲ್ಲ.
ನಾನೂರು ಲೀಟರು ಹಾಲು ಮಾತ್ರ
ಚರಂಡಿ ಹಿಡಿದು ತಾನೇ ಘಾಟಿ ಇಳಿಯಿತು.

ಟೆಂಪೋದ ಚೌಡಪ್ಪ ಅಂದ: ಹಾರನ್ ಹೊಡೆದೆ ಸಾರ್, ದೇವರಾಣೆ.
ಓಮ್ನಿಯ ಫಿಲೋಮಿನಾ ಅಂದರು: ನಾನೂ ಹೊಡೆದೆ.
ಮೂರು ಸಲ ಕೇಳಿದ ಮೇಲೆ ಹೊಳೆಯಿತು,
ಇಬ್ಬರದೂ ನಿಜ.
ಒಂದೇ ಗಳಿಗೆಗೆ ಹೊಡೆದಿದ್ದರು;
ತಮ್ಮ ಸದ್ದಿನೊಳಗೆ ತಾವು ಕೂತು
ಇನ್ನೊಂದನ್ನು ಕೇಳಲಿಲ್ಲ.

ಈಗ ಹಳದಿಯ ಕೆನ್ನೆ ಮೇಲೆ ನೀಲಿ ಗೀರು,
ನೀಲಿಯ ಬಾಗಿಲಿಗೆ ಹಳದಿ.
ಬೀಗರು ಅರಿಶಿನ ಹಚ್ಚಿಕೊಂಡ ಹಾಗೆ.
ಪೀರ್‌ಸಾಬರು ಪ್ಯಾನೆಲ್ಲು ಬಿಚ್ಚಿ, ಒಳಗೆ ಕೈ ತೂರಿ ಬಡಿಯುತ್ತಾರೆ.
ಡೆಂಟನ್ನು ಒಳಗಿಂದಲೇ ತಟ್ಟಬೇಕು,
ಹೊರಗಿಂದ ತಟ್ಟಿದರೆ ಅದು ಇನ್ನೊಂದು ಡೆಂಟು.

ನಮ್ಮಾಫೀಸಿನ ಕೇಬಲ್ ರಿಪೇರಿಯ ಸುಧನ್ವ
ಒಮ್ಮೆ ಚಾ ಕುಡಿಯುತ್ತ ಹೇಳಿದ್ದ:
ಹಿಂದೆಲ್ಲ ಎರಡು ಕಂಪ್ಯೂಟರು ಒಂದೇ ವೈರಿನಲ್ಲಿ
ಒಟ್ಟಿಗೆ ಬಾಯಿ ತೆಗೆದರೆ ಎರಡರ ಮಾತೂ ಹಾಳು ಸಾರ್.
ಎರಡೂ ಸುಮ್ಮನಾಗಿ, ಚೀಟಿ ಎತ್ತಿದ ಹಾಗೆ
ಒಂದೊಂದು ಬೇರೆ ಹೊತ್ತು ಕಾದು
ಮತ್ತೆ ಶುರುಮಾಡುತ್ತಿದ್ದವು.
ಇಬ್ಬರಿಗೂ ಒಂದೇ ಚೀಟಿ ಬಂದರೆ?
ಮತ್ತೆ ಡಿಕ್ಕಿ. ಮತ್ತೆ ಕಾಯೋದು, ಇನ್ನೂ ಉದ್ದಕ್ಕೆ.

ತೀರ್ಥಹಳ್ಳಿಯ ಅಣ್ಣನಿಗೂ ನನಗೂ
ಒಂದು ತಾಮ್ರದ ಹಂಡೆಯ ಮಾತಿಗೆ
ಮೂರು ವರ್ಷದಿಂದ ಮಾತಿಲ್ಲ.
ನಿನ್ನೆ ರಾತ್ರಿ ಒಂಬತ್ತೂ ಹತ್ತಕ್ಕೆ
ಅವನ ನಂಬರು ಒತ್ತಿದೆ. ಬಿಜಿ.
ಯಾರ ಹತ್ತಿರ ನನ್ನ ಚಾಡಿ ಹೇಳುತ್ತಿದ್ದಾನೋ ಎಂದು
ಬೈದು ಮಲಗಿದೆ.
ಬೆಳಿಗ್ಗೆ ನೋಡಿದರೆ ಮಿಸ್ಡ್ ಕಾಲು:
ಅವನದೇ. ಒಂಬತ್ತೂ ಹತ್ತು.

ಫಾರಮ್ಮಿನಲ್ಲಿ ಬರೆದೆ: ಇಬ್ಬರೂ ಹಾರನ್ ಹೊಡೆದರು.
ಕಂಪನಿಯವರು ಇದು ಕಾರಣವೇ ಅಲ್ಲ ಎಂದು
ವಾಪಸು ಕಳಿಸುತ್ತಾರೆ, ಗೊತ್ತು.

ಶೆಡ್ಡಿನ ಸ್ಟೂಲಿನಲ್ಲಿ ಫೋನು ಹಿಡಿದು ಕೂತಿದ್ದೇನೆ.
ಸುತ್ತಿಗೆಯ ಒಂದೊಂದು ಏಟಿಗೆ ಒಂದೊಂದು ಎಣಿಸುತ್ತ.
ಎಷ್ಟಕ್ಕೆ ನಿಲ್ಲಿಸಲಿ?
ಅವನೂ ಅಲ್ಲಿ ಎಣಿಸುತ್ತಿರಬಹುದು.
ಇಬ್ಬರಿಗೂ ಎಣಿಕೆ ಕಲಿಸಿದವಳು ಒಬ್ಬಳೇ,
ಅದೇ ಜಗಲಿ, ಅದೇ ಹಿಡಿ ಹುಣಸೆಬೀಜ.