ಎಡ ತೊಡೆಯ ಹೊಲಿಗೆ

ಶಾರ್ಜಾದ ರೋಲಾ, ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ.
ಎರಡು ಮಿಷನು, ಒಂದು ಇಸ್ತ್ರಿಪೆಟ್ಟಿಗೆ,
ಅಬಾಯಾಕ್ಕೆ ಬಾರ್ಡರು, ಶಾಲೆಯ ಚಡ್ಡಿಗೆ ಝಿಪ್ಪು.
ಆಟಗೀಟ ನನಗೆ ಗೊತ್ತಿಲ್ಲ.
ತಾರಾನಾಥ ಮೆಂಡನ್ ಗೊತ್ತು, ಪ್ಯಾಂಟಿನ ಲೆಕ್ಕದಲ್ಲಿ.

ಮೊದಲು ಬಂದಾಗ ಸೊಂಟ ಇಪ್ಪತ್ತೆಂಟು, ತೊಡೆ ಇಪ್ಪತ್ತಮೂರು.
ಇಷ್ಟು ಸಪೂರ ಸೊಂಟಕ್ಕೆ ಇಂಥ ತೊಡೆ
ಓಟಗಾರನಿಗೆ ಇರಬೇಕು, ಇಲ್ಲ ಕಳ್ಳನಿಗೆ, ಅಂದೆ.
"ಎರಡೂ ನಾನೇ."
ಬೇಸಿನಿಂದ ಬೇಸಿಗೆ ಕದ್ದು ಓಡುವ ಕೆಲಸವಂತೆ,
ಬೇಸ್‌ಬಾಲಿನವರು ಅದಕ್ಕೆ ತಿಂಗಳ ಸಂಬಳ ಕೊಡುತ್ತಾರಂತೆ.
ಊರಲ್ಲಿ ಎಂತ ಹೇಳಿದ್ದೀ ಮಾರಾಯ?
"ಸೇಲ್ಸ್ ಅಂತ."

ಕ್ಯಾಚು ಕಲಿತದ್ದು ಹೆಂಚು ಹೊದೆಸುವಾಗ.
ಕೆಳಗಿನವನು ಎಸೆದದ್ದನ್ನು ಮಾಡಿನ ಮೇಲೆ ಹಿಡಿಯಬೇಕು,
ಕೈ ಹಿಂದೆ ಸರಿಯಬೇಕು ಅದರ ಜೊತೆಗೇ,
ಎದುರು ಹೋದೆಯೋ, ಒಡೆಯಿತು.

ಆ ವರ್ಷ ಪ್ರತಿ ಶನಿವಾರ
ಎಡ ತೊಡೆ ಹರಿದು ಬರುತ್ತಿತ್ತು,
ಮೂರು ಸಲ ತೊಳೆದರೂ ಹೋಗದ ಕೆಂಪು ಮಣ್ಣು.
ಹರಿದಷ್ಟೂ ಅವನಿಗೆ ಖುಷಿ.
ನಾನು ಒಳಗಿಂದ ಅಸ್ತರು ಕೊಟ್ಟು ಎರಡೆರಡು ಸಲ ಹೊಲಿದೆ.

ಒಮ್ಮೆ ಅಂಗಡಿ ಬೇಗ ಮುಚ್ಚಿ ನೋಡಲು ಹೋದೆ.
ಬ್ಯಾಟಿನ ಸದ್ದು ಕೇಳಿದ್ದೇ
ಚೆಂಡಿಗೆ ಬೆನ್ನು ಹಾಕಿ ಓಡಿದ.
ಹೆದರಿದ, ಅಂದುಕೊಂಡೆ.
ಗೋಡೆಯ ಹತ್ತಿರ, ನಿಲ್ಲದೆ, ಕೈ ಎತ್ತಿದ.
ಚೆಂಡು ಅಲ್ಲೇ ಬಂದು ಇಳಿಯಿತು
ಹಳೇ ಸಾಲ ತೀರಿಸಲು ಬಂದವನ ಹಾಗೆ.
ಪಕ್ಕದ ಫಿಲಿಪಿನೋ ನನ್ನನ್ನು ತಬ್ಬಿಕೊಂಡ,
ನಾನೇ ಹಿಡಿದಂತೆ.

ಆ ಚೆಂಡು ನನಗೇ ಕೊಟ್ಟ: "ನೋಡು, ನಿನ್ನ ಕಸುಬು."
ಕೆಂಪು ನೂಲು, ಕೈಹೊಲಿಗೆ. ಎಣಿಸಿದೆ. ನೂರೆಂಟು.
ಅಜ್ಜಿಯ ಜಪಮಣಿಯಷ್ಟೇ.

ನಾಲ್ಕನೇ ಸೀಸನ್ನಿಗೆ ಪ್ಯಾಂಟು ಬಂತು.
ಹರಿದಿರಲಿಲ್ಲ.
ಎಡ ತೊಡೆಯ ಮೇಲೆ ಕೈಯಾಡಿಸಿದೆ, ಧೂಳೂ ಇಲ್ಲ.
ಹಿಂಬದಿ ಮಾತ್ರ ಸವೆದು ಹೊಳೆಯುತ್ತಿತ್ತು,
ಬೆಂಚಿನ ಗುರುತು.
"ತೊಡೆಯ ನರ," ಅಂದ.
ನಾನು ಟೇಪು ಸುತ್ತುತ್ತ ಇದ್ದೆ.

ಮೊನ್ನೆ ಬಂದಿದ್ದ. ಕಪ್ಪು ಪ್ಯಾಂಟು,
ಸೊಂಟ ಮೂವತ್ತಮೂರು, ಬಿಡಿಸಿ ಕೊಡಬೇಕು ನಾಳೆಯೊಳಗೆ.
ಅಜ್ಮಾನಿನಲ್ಲಿ ಫ್ರಿಜ್ಜು, ಏಸಿ ಮಾರುವ ಅಂಗಡಿ.
"ಸೇಲ್ಸ್," ಅಂದು ನಕ್ಕ.
"ಊರಿಗೆ ಹೇಳಿದ ಸುಳ್ಳಿಗೆ ಈಗ ಐಡಿ ಕಾರ್ಡು ಉಂಟು."

ರಾತ್ರಿ ಹೊಲಿಯಲು ಕೂತೆ.
ಸೊಂಟ ಬಿಡಿಸಿದೆ, ಹುಕ್ಕು ಸರಿಸಿದೆ,
ಕೈಗೆ ಅಭ್ಯಾಸ ನೋಡಿ,
ಎಡ ತೊಡೆಗೂ ಒಳಗಿಂದ ಅಸ್ತರು ಕೊಟ್ಟುಬಿಟ್ಟೆ.
ಬಿಲ್ಲಿನಲ್ಲಿ ಬರೆಯಲಿಲ್ಲ.