ಪರಿವಿಡಿಯಲ್ಲಿ ಇಲ್ಲದ್ದು

ಸೀನಿಯರ್ ತೀರಿಕೊಂಡ ಮೇಲೆ ಅವರ ಪುಸ್ತಕಗಳು
ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ ನನ್ನ ಮಾಳಿಗೆಗೆ ಬಂದವು,
ಹನ್ನೊಂದು ಕಾಫಿ ಚೀಲದಲ್ಲಿ.
ಗೆದ್ದಲು ಬಿಟ್ಟುಕೊಟ್ಟದ್ದರಲ್ಲಿ ಒಂದು
ಇಂಗ್ಲೆಂಡಿನ ಹಳೇ ಕಾನೂನು.

ಅಲ್ಲಿ ತಂದೆ ಸತ್ತ ಹುಡುಗ ಒಡೆಯನ ಸೊತ್ತು.
ಇಪ್ಪತ್ತೊಂದು ತುಂಬುವ ತನಕ ಅವನ ಹೊಲದ ಫಸಲು ಒಡೆಯನದು,
ಅವನ ಮದುವೆಯೂ. ಬೇಕಾದರೆ ಮಾರಬಹುದು.
ಯಾರಾದರೂ ಹುಡುಗನನ್ನು ಹೊತ್ತೊಯ್ದರೆ ಅದಕ್ಕೊಂದು ರಿಟ್ಟು.
ದಂಡ ಅವನ ಅಳುವಿಗಲ್ಲ,
ಕೈತಪ್ಪಿದ ಮದುವೆಯ ಬೆಲೆಗೆ.

ಸಣ್ಣ ಹಿಡುವಳಿಗೆ ಬೇರೆ ನ್ಯಾಯ:
ಆಸ್ತಿ ಯಾವ ನೆಂಟನಿಗೆ ಬರಲಾರದೋ ಅವನೇ ಪೋಷಕ.
ಬೆಣ್ಣೆಯ ಕಾವಲಿಗೆ ಬೆಕ್ಕನ್ನು ಕೂರಿಸಬಾರದು, ನೋಡಿ.
ಆ ಸಾಲಿನ ಮೇಲೆ ಬೆರಳಿಟ್ಟು ಕೂತೆ.
ಕೆಳಗೆ ಗೋಣಿಕೊಪ್ಪದ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು.

ನನಗೆ ಒಂಬತ್ತು. ಅಪ್ಪ ಅಮ್ಮ
ಪೆರುಂಬಾಡಿಯ ತಿರುವಿನಲ್ಲಿ ಒಟ್ಟಿಗೆ ಹೋಗಿದ್ದರು.
ದೊಡ್ಡಪ್ಪ ಉತ್ತಯ್ಯ ನನ್ನನ್ನೂ ಸಾಕಿದ, ನಲವತ್ತೆಕರೆಯನ್ನೂ ಸಾಕಿದ.
ಕೆಟ್ಟವನಲ್ಲ. ಲೆಕ್ಕ ಚೆನ್ನಾಗಿ ಇಡುತ್ತಿದ್ದ.
ನಾನಿಲ್ಲದಿದ್ದರೆ ತೋಟ ಅವನದೇ.

ಮೆಣಸು ಕೊಯ್ಲಿನ ಒಂದು ರಾತ್ರಿ ಸೋದರಮಾವ ಬೆಳ್ಯಪ್ಪ
ಜೀಪಿನ ಲೈಟು ಆರಿಸಿಕೊಂಡು ಬಂದು
ನನ್ನನ್ನು ಕಂಬಳಿಯಲ್ಲಿ ಸುತ್ತಿ ಸಿದ್ದಾಪುರಕ್ಕೆ ಹೊತ್ತೊಯ್ದ.
ಅವನಿಗೆ ಒಂದು ಸೆಂಟು ಜಾಗವೂ ಬರುವಂತಿರಲಿಲ್ಲ.
ಪುಸ್ತಕದ ಪ್ರಕಾರ ಅವನೇ ಸರಿ.
ಅವನಿಗೊಬ್ಬ ಮಗನಿದ್ದ, ಹದಿನಾರರವನು.
ಅತ್ತೆ ಆಗಲೇ ನನ್ನ ಕೈಗೆ ಬಳೆ ಹಾಕಿ ಅಳತೆ ನೋಡುತ್ತಿದ್ದಳು.

ಕೋರ್ಟಿನಲ್ಲಿ ಪಟ್ಟಿ ಓದಿದರು:
ರೊಬಸ್ಟಾ ಇಪ್ಪತ್ತೆಂಟು ಎಕರೆ, ಗದ್ದೆ ಹನ್ನೆರಡು,
ಮೆಣಸಿನ ಬಳ್ಳಿ ಸಾವಿರದ ಚಿಲ್ಲರೆ, ಕೋವಿ ಒಂದು,
ಅಪ್ರಾಪ್ತ ಹೆಣ್ಣು ಒಂದು.

ಜಡ್ಜ್ ಕನ್ನಡಕ ತೆಗೆದು ಮೆತ್ತಗೆ ಕೇಳಿದರು,
ಯಾರ ಹತ್ತಿರ ಇರ್ತೀಯ ಮಗೂ?
ಚಾತಿ ಹತ್ತಿರ, ಅಂದೆ.
ಎರಡೂ ಕಡೆಯ ವಕೀಲರು ಕಾಗದ ಮಗುಚಿದರು.

ಲೈನ್‌ಮನೆಯ ಯರವರ ಚಾತಿ.
ಜ್ವರ ಬಂದರೆ ಬಾಗಿಲ ಹೊರಗೆ ಕೂತೇ ಬೆಳಗು ಮಾಡಿದವಳು,
ಗದ್ದೆಯ ಏಡಿ ಸುಟ್ಟು ಚಿಪ್ಪು ಬಿಡಿಸಿ ಕೊಟ್ಟವಳು,
ಹೇನು ಹೆಕ್ಕುತ್ತ ತನ್ನ ಭಾಷೆಯಲ್ಲಿ ನನ್ನನ್ನು ಬೈದವಳು.
ಟೈಪಿಸ್ಟು ಕೈ ಎತ್ತಿ ಜಡ್ಜ್ ಮುಖ ನೋಡಿದ.
ಅವರು ತಲೆ ಅಲ್ಲಾಡಿಸಿದರು.
ಆ ಹೆಸರು ಯಾವ ಹಾಳೆಯಲ್ಲೂ ಬೀಳಲಿಲ್ಲ.

ಆದೇಶ ದೊಡ್ಡಪ್ಪನ ಕಡೆಗಾಯಿತು.
ನಾನು ತಿರುಗಿ ಬರುವಷ್ಟರಲ್ಲಿ ಚಾತಿಯನ್ನು
ಕುಟ್ಟದ ಕಡೆಯ ಯಾವುದೋ ತೋಟಕ್ಕೆ ದಾಟಿಸಿದ್ದರು,
ಹಳೇ ಸಾಲದ ಲೆಕ್ಕಕ್ಕೆ, ಒಂದು ಜೊತೆ ಎತ್ತಿನೊಂದಿಗೆ.

ಅದಕ್ಕೆ ರಿಟ್ಟಿಲ್ಲ.
ಹುಡುಕಿದೆ, ಪರಿವಿಡಿಯಲ್ಲೂ.

ಮೊನ್ನೆ ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಒಂದು ಚೀಟಿ ಸಿಕ್ಕಿತು:
ಮುಂಗಡ ಅರವತ್ತು ರೂಪಾಯಿ, ಕೆಳಗೆ ಅವಳ ಹೆಬ್ಬೆಟ್ಟು.
ಅದರ ಮೇಲೆ ನನ್ನ ಹೆಬ್ಬೆರಳು ಇಟ್ಟು ನೋಡಿದೆ.
ಅವಳದು ಚಿಕ್ಕದು,
ಇನ್ನೂ ಬೆಳೆಯುತ್ತಿದ್ದ ಕೈಯದು.