ಅರ್ಧ ದಿನ

ಲ್ಯಾಬಿನ ಬೊಂಬೆಗೆ ಬಾಯಾರುವುದಿಲ್ಲ.
ಎಡಕ್ಕೆ ಹೊರಳಿಸಿದರೆ ಹೊರಳುತ್ತದೆ,
ನಾಡಿ, ನಾವು ಸ್ವಿಚ್ಚು ಒತ್ತಿದಷ್ಟು.
ಹತ್ತೊಂಬತ್ತು ವರ್ಷ ಅದರ ಪಕ್ಕ ನಿಂತು
ಕೊನೆಗಾಲದ ಆರೈಕೆ ಪಾಠ ಮಾಡಿದವಳು ನಾನು:
ಹದಿನಾಲ್ಕು ಅಂಶ, ಎರಡು ಗಂಟೆ, ಪರೀಕ್ಷೆಗೆ ಹತ್ತು ಅಂಕ.

ಆ ಜನವರಿಯಲ್ಲಿ ಎಂಟು ಹುಡುಗಿಯರನ್ನು ಕರಕೊಂಡು
ಮಡಿಕೇರಿಯ ಆಸ್ಪತ್ರೆಯ ಮೂಲೆಕೋಣೆಗೆ ಹೋದೆ.
ಕಿಟಕಿ ಪಕ್ಕದ ಮಂಚ. ರೈಟರ್ ಜೋಯಪ್ಪ.
ಸುಂಟಿಕೊಪ್ಪದ ಕಡೆ ಒಂದು ಕಾಫಿತೋಟದಲ್ಲಿ
ಮೂವತ್ತನಾಲ್ಕು ವರ್ಷ ಆಳುಗಳ ಹಾಜರಿ ಬರೆದವರು.
ಗಂಟಲಲ್ಲಿ ಗಡ್ಡೆ, ಕುತ್ತಿಗೆಯಲ್ಲಿ ಕೊಳವೆ,
ಮಾತು ಹೋಗಿ ಎರಡು ತಿಂಗಳು.
"ಇವರಿಗೆ ಪಾಠ ಹೇಳಿಕೊಡುತ್ತೀರಾ?" ಅಂದದ್ದಕ್ಕೆ
ಚೀಟಿಯಲ್ಲಿ ಬರೆದುಕೊಟ್ಟರು: "ಸಂಬಳ ಎಷ್ಟು?"

ದಿಂಬಿನಡಿ ಹಳೆಯದೊಂದು ಚೆಕ್‌ರೋಲ್ ಪುಸ್ತಕ.
ಉಳಿದ ಹಾಳೆಯಲ್ಲಿ ಗೆರೆ ಎಳೆದು
ಹೆಸರು ಹೇಳಿಸಿ ಹೇಳಿಸಿ ಬರೆದರು:
ಫಸೀಲಾ, ದೇಚಮ್ಮ, ಪೆಮಾ ಲಾಮೊ, ಲಿಜಿ, ಸುಮತಿ...
ಒಂಬತ್ತನೆಯ ಆಳು ನಾನು.
ಸಂಜೆಗೆ ಗುರುತು. ಪೂರ್ತಿ, ಅರ್ಧ, ಗೈರು.

ಪೆಮಾಗೆ ಅರ್ಧ: "ಡ್ರಿಪ್ಪನ್ನು ನೋಡಿದಳು, ನನ್ನನ್ನಲ್ಲ."
ಲಿಜಿಗೂ ಅರ್ಧ: "ಎಲ್ಲ ಸರಿಹೋಗುತ್ತೆ ಅಂದಳು.
ಲೆಕ್ಕ ನನಗೂ ಬರುತ್ತೆ."
ಫಸೀಲಾಗೆ ಪೂರ್ತಿ. ಅವಳು ಏನೂ ಮಾಡಿರಲಿಲ್ಲ,
ಕೆಮ್ಮು ನಿಲ್ಲುವ ತನಕ ಕುರ್ಚಿ ಬಿಟ್ಟೇಳಲಿಲ್ಲ, ಅಷ್ಟೆ.
ನನಗೆ ಗೈರು.
"ಬೆಳಗಿಂದ ಇಲ್ಲೇ ನಿಂತಿದ್ದೆನಲ್ಲ, ರೈಟರೇ!"
"ಗಿಡದ ಬುಡದಲ್ಲಿ ನಿಂತವರೆಲ್ಲ ಹಣ್ಣು ಕುಯ್ದ ಹಾಗಲ್ಲ."

ಬಾಯಿಗೆ ಗ್ಲಿಸರಿನ್ ಹತ್ತಿ ಒರೆಸಿದರೆ ಮುಖ ಹಿಂಡುತ್ತಿದ್ದರು.
ದೇಚಮ್ಮ ಮನೆಯಿಂದ ಕಿತ್ತಳೆ ತಂದಳು,
ಈಗ ಹುಡುಕಬೇಕಾದ ಊರ ಕಿತ್ತಳೆ, ಸಿಪ್ಪೆ ಸಡಿಲ.
ನುಂಗುವ ಹಾಗಿಲ್ಲ; ಬಟ್ಟೆಗೆ ಎರಡು ಹನಿ ಹಿಂಡಿ
ತುಟಿಗೆ, ನಾಲಿಗೆಯ ತುದಿಗೆ.
ಕಣ್ಣು ಮುಚ್ಚಿದವರು ತುಂಬ ಹೊತ್ತು ತೆರೆಯಲಿಲ್ಲ.
ನಾವು ಬಗ್ಗಿ ಉಸಿರು ಎಣಿಸತೊಡಗಿದೆವು.
ಆಮೇಲೆ ಪೆನ್ನು ಕೇಳಿದರು:
"ಹುಳಿ ಜಾಸ್ತಿ. ನಾಪೋಕ್ಲುದಾ?"

ಮೂರನೆಯ ವಾರ ಪುಸ್ತಕವನ್ನು ಹಿಂದಕ್ಕೆ ಮಗುಚಿ
ಒಂದು ಸಾಲಿನ ಮೇಲೆ ಬೆರಳಿಟ್ಟರು.
ಫೆಬ್ರವರಿ, ತೊಂಬತ್ತೊಂದು. ಚಾತಿ.
ಅರ್ಧ ದಿನ.
ಚೀಟಿ ಬಂತು, ಅಕ್ಷರ ಒಂದರ ಮೇಲೊಂದು ಬಿದ್ದು:
"ಅವಳಿಗೆ ಜ್ವರ. ಮರದಡಿ ಕೂತಳು.
ಆಮೇಲೆ ಎದ್ದು ಚೀಲ ತುಂಬಿಸಿದಳು, ಕತ್ತಲಾಗುವ ತನಕ.
ನಾನು ನೋಡಿದ್ದೆ.
ಈಗ ತಿದ್ದಿದರೆ ಆಗುತ್ತಾ?"

ನೋವು, ಉಸಿರು, ಹಾಸಿಗೆಹುಣ್ಣು, ನಿದ್ದೆ,
ಹದಿನಾಲ್ಕರಲ್ಲಿ ಇದಿರಲಿಲ್ಲ.
ಹುಡುಗಿಯರು ನನ್ನನ್ನು ನೋಡಿದರು.
ಆಗುತ್ತೆ ಅನ್ನಲು ನಾನು ಬಾಯಿ ತೆರೆದೆ;
ಸುಮತಿ, ಸಿದ್ದಾಪುರದ ಲೈನ್‌ಮನೆಯ ಹುಡುಗಿ,
ನನ್ನ ಕಡೆ ತಿರುಗದೆಯೇ ಕೈ ಅಡ್ಡ ಹಿಡಿದಳು.

"ನನ್ನ ಅಜ್ಜಿಗೂ ಹೀಗೇ ಬರೆದಿದ್ದಾರೆ.
ಬೇರೆ ತೋಟ. ಬೇರೆ ರೈಟರು.
ತಿದ್ದಿದರೆ ಏನಾಗುತ್ತೋ ನನಗೆ ಗೊತ್ತಿಲ್ಲ.
ತಿದ್ದಿ."

ಪುಸ್ತಕವನ್ನು ಅಂಗೈಮೇಲೆ ಹಲಗೆಯಂತೆ ಹಿಡಿದಳು.
ಒಂದು ಅಡ್ಡಗೆರೆ ಎಳೆಯುವುದಕ್ಕೆ ಅಷ್ಟು ಹೊತ್ತು!
ಕೆಳಗೆ ಪೇಟೆಯಲ್ಲಿ ಎರಡು ಬಸ್ಸು ಹೋದವು.
ಕ್ಷಮೆಯ ಮಾತು ಅವರೂ ಬರೆಯಲಿಲ್ಲ, ಇವಳೂ ಆಡಲಿಲ್ಲ.
ಮಂಚದ ತಲೆ ಎತ್ತಿಸಿ, ಕೊಳವೆಯ ಕಫ ತೆಗೆದು,
ಕೈ ತೊಳೆಯಲು ಹೋದಳು.

ಗುರುವಾರ ನಸುಕಿನಲ್ಲಿ ಹೋದರು.
ಆ ದಿನದ ಕಾಲಂ ಖಾಲಿ.

ಪರೀಕ್ಷೆಗೆ ನಾನು ಮತ್ತೆ ಅದೇ ಪ್ರಶ್ನೆ ಕೊಟ್ಟೆ:
ಸಾಯುತ್ತಿರುವವರ ಅಗತ್ಯಗಳನ್ನು ಪಟ್ಟಿ ಮಾಡಿ.
ಏಳು ಮಂದಿ ಹದಿನಾಲ್ಕನ್ನೂ ಬರೆದರು.
ಸುಮತಿಯದು ಒಂದೇ ಸಾಲು:
ಅವರನ್ನೇ ಕೇಳಬೇಕು, ಕೇಳಿದ ಮೇಲೆ ಓಡಿಹೋಗಬಾರದು.

ಮಾದರಿ ಉತ್ತರದ ಹಾಳೆ ಪಕ್ಕದಲ್ಲಿತ್ತು.
ಕೆಂಪು ಪೆನ್ನಿನಲ್ಲಿ ಬರೆದೆ:
ಹತ್ತಕ್ಕೆ ಐದು.